ವಿಧಿಯ ಮಾತು ಯಾರ ಬಾಯಲ್ಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ನೀರಿನ ಪಾಲಾಯಿತು. ಒಂದೇ ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹೊಳೆಸಾಲಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಅಂಥ ಊರುಗಳಲ್ಲೊಂದು ದಢೇಸುಗೂರು; ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ಹೊಳೆ ದಾಟುವುದು ಅಲ್ಲಿನ ಸೇತುವೆಯ ಮೇಲೆ. ಕೃಷಿ ಸಂಶೋಧನಾ ಕೇಂದ್ರವಿರುವುದರಿಂದ ಭತ್ತ ಬೆಳೆಯುವವರಿಗೆಲ್ಲ ಗೊತ್ತಿರುವ ಊರದು. ಆ ಸೀಮೆಯ ಬದುಕು ನಿಂತಿರುವುದು ಅಣೆಕಟ್ಟೆಯ ಎಡದಂಡೆ ಕಾಲುವೆಯ ಮೇಲೆ. ಕಾಲುವೆಗೆ ನೀರು ತಪ್ಪಿದರೆ ಒಂದು ಕಷ್ಟ, ಹೊಳೆಗೆ ನೀರು ಮೀರಿದರೆ ಇನ್ನೊಂದು. ಒಂದು ವಾರದಲ್ಲಿ ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಆ ಬಾಯಿಯನ್ನು ಮುಚ್ಚಲಾಯಿತು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಎರಡು ಮಾತುಗಳು ಹುಟ್ಟುತ್ತವೆ. ದೈವ ಮುನಿದರೆ ಯಾರೇನು ಮಾಡಿಯಾರು ಎಂಬುದು ಒಂದು. ಆ ಸರಪಳಿಯನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದು ಮತ್ತೊಂದು. ಹೊಳೆ ತುಂಬಿದಾಗ ಬಾಗಿನ ಕೊಡುವ ಜನಕ್ಕೆ ಈ ಎರಡೂ ಮಾತು ಸಹಜವಾಗಿಯೇ ಬರುತ್ತವೆ. ಇವೆರಡಕ್ಕೂ ಒಂದೇ ಮನಸ್ಸಿನಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಕಬ್ಬಿಣದ ಗೇಟಿನ ಬಗ್ಗೆ ಕೇಳುವುದಕ್ಕಿಂತ ಶಾಲೆಯ ಮಕ್ಕಳ ಬಗ್ಗೆ ಕೇಳಿದರೆ ಅದರ ಬಿಸಿ ಸರಿಯಾಗಿ ತಟ್ಟುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಹಣೆಬರಹ, ಋಣ ತೀರಿತು, ಆಯುಷ್ಯ ಅಷ್ಟೇ ಇತ್ತು ಎಂಬ ಮಾತುಗಳು ಸುಳ್ಳೆಂದು ನಾನು ವಾದಿಸುತ್ತಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಅವನ್ನು ಆಡಿದಾಗ ಅವು ಆಕೆಯನ್ನು ನಾಳೆಯ ಬೆಳಗಿನವರೆಗೆ ಬದುಕಿಸುತ್ತವೆ. ಅದನ್ನು ಕಸಿದುಕೊಳ್ಳುವ ತರ್ಕ ಯಾವುದಿದ್ದರೂ ಅದು ಕ್ರೂರವಾದದ್ದು. ಅದೇ ಮಾತನ್ನು ಕಟ್ಟಡ ಕಟ್ಟಿಸಿದವರು, ಪರವಾನಗಿಗೆ ಸಹಿ ಹಾಕಿದವರು, ಬಾಗಿಲಿಗೆ ಬೀಗ ಹಾಕಿಸಿದವರು ಆಡಿದಾಗ ಮಾತ್ರ ಅಲ್ಲಿ ಧರ್ಮ ಉಳಿಯುವುದಿಲ್ಲ. ವಿಧಿಯನ್ನು ನೆನೆಯುವ ಹಕ್ಕು ನೊಂದವರದು, ಕಾಯಬೇಕಾದವರದಲ್ಲ. ಕಾಯಬೇಕಾದವರು ಎಂಬ ಆ ಜಾಗದಲ್ಲಿ ನಮ್ಮ ಶಾಲೆಗಳಲ್ಲಿ ಇವತ್ತು ನಿರ್ದಿಷ್ಟವಾಗಿ ಯಾರೂ ಇಲ್ಲ. ಎಲ್ಲರೂ ಇದ್ದಾರೆ ಎಂಬ ಲೆಕ್ಕದಲ್ಲಿ ಯಾರೂ ಇಲ್ಲವಾಗಿದ್ದಾರೆ. ಆದ್ದರಿಂದ ಮಕ್ಕಳ ಸುರಕ್ಷತೆಯನ್ನೇ ದಿನದ ದುಡಿಮೆಯನ್ನಾಗಿ ಮಾಡಿಕೊಂಡ, ಅದಕ್ಕೆ ಸಂಬಳ ಪಡೆಯುವ, ಅದರ ಲೆಕ್ಕ ಒಪ್ಪಿಸುವ ಒಬ್ಬ ವ್ಯಕ್ತಿ ಬೇಕು ಎನ್ನುವುದು ನನಗೆ ಆಡಳಿತದ ಬೇಡಿಕೆ ಎಷ್ಟೋ ಧರ್ಮದ ಬೇಡಿಕೆಯೂ ಅಷ್ಟೇ.

ನಡೆದದ್ದನ್ನು ನೋಡೋಣ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಕ್ಕಳು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಅಡುಗೆಮನೆಯ ಬೆಂಕಿ ತರಗತಿಯ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಕಿರಿದಾದ ಮೆಟ್ಟಿಲು, ಒತ್ತೊತ್ತಾಗಿ ಕೂಡಿಸಿದ ತರಗತಿಗಳು, ಅಡುಗೆಯ ಒಲೆಯ ಬಗಲಿಗೇ ಗರಿಯ ಸೂರು, ಇವುಗಳಲ್ಲಿ ಯಾವುದೂ ಆ ದಿನ ಬೆಳಿಗ್ಗೆ ಹುಟ್ಟಿದ್ದಲ್ಲ. ಒಂಬತ್ತು ವರ್ಷದ ನಂತರ, 2013ರ ಅದೇ ಜುಲೈ 16ರಂದು, ಬಿಹಾರದ ಗಂಡಾಮನ್ ಊರಿನ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯ ಬಗ್ಗೆ ಅಡುಗೆಯಾಕೆ ಮೊದಲೇ ಅನುಮಾನ ಹೇಳಿದ್ದಳೆಂದು ಆಗ ವರದಿಗಳು ಬಂದವು. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಸತ್ತಾಗಲೂ, ಮೇಲಿನಿಂದ ಕಲ್ಲು ಉದುರುತ್ತಿವೆ ಎಂದು ಮಕ್ಕಳು ಹೇಳಿದ್ದರೆಂಬ ವರದಿಯಿತ್ತು. ನಮ್ಮ ಜಿಲ್ಲೆಯಲ್ಲೇ 2024ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಮಾನ್ವಿ ತಾಲ್ಲೂಕಿನ ಕಪಗಲ್ ಹತ್ತಿರ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಹೋದರು. ಇವುಗಳಲ್ಲಿ ಗಂಡಾಮನ್ ಈ ಸೀಮೆಯ ಬದುಕಿಗೆ ಹೆಚ್ಚು ಹತ್ತಿರದ್ದೆಂದು ನನಗೆ ಅನ್ನಿಸುತ್ತದೆ. ಸಿಂಧನೂರು, ಮಸ್ಕಿಯ ಭತ್ತ ಮತ್ತು ಹತ್ತಿಯ ಹೊಲಗಳಿಗೆ ಹೊಡೆಯುವ ಔಷಧಿಯನ್ನು ರೈತರು ‘ಎಣ್ಣೆ’ ಎಂದೇ ಕರೆಯುತ್ತಾರೆ. ಅದರ ಖಾಲಿ ಡಬ್ಬಿಗಳು ಮನೆಯ ಮೂಲೆಯಲ್ಲೋ ಬದುವಿನ ಮೇಲೋ ಬಿದ್ದಿರುತ್ತವೆ. ಶಾಲೆಯ ಅಡುಗೆಮನೆಗೆ ಯಾವ ಡಬ್ಬಿ ಬಂತು, ಅದು ಮೊದಲು ಏನನ್ನು ತುಂಬಿಕೊಂಡಿತ್ತು ಎಂದು ನೋಡುವ ಕಣ್ಣು ಇಲ್ಲಿ ಬೇರೆಲ್ಲಿಗಿಂತಲೂ ಹೆಚ್ಚು ಚುರುಕಾಗಿರಬೇಕು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮವೇ. ಆದರೆ ಅದು ಮಗುವಿನ ಬದಲು ದೊಡ್ಡವರನ್ನು ಅಪಾಯಕ್ಕೆ ಒಡ್ಡುತ್ತದೆಯೇ ಹೊರತು ಡಬ್ಬಿಯನ್ನು ಹೊರಗೆ ಇಡುವುದಿಲ್ಲ.

ಈಗ ದೈವದ ಪ್ರಶ್ನೆಗೆ ಬರೋಣ. ಎಲ್ಲ ನೋವಿಗೂ ಹಿಂದಿನ ಕರ್ಮವೇ ಕಾರಣ ಎಂಬ ನಂಬಿಕೆ ನಮ್ಮ ನೆಲದ ಎಲ್ಲ ಮತಗಳ ಒಮ್ಮತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದೇ ಪ್ರಶ್ನೆ ಕೇಳಿದ್ದು ಪಾಲಿ ಗ್ರಂಥಗಳಲ್ಲಿದೆ. ಬುದ್ಧ ಎಂಟು ಕಾರಣಗಳನ್ನು ಹೇಳಿದ: ಪಿತ್ತ, ಕಫ, ವಾತ, ಇವು ಮೂರೂ ಸೇರಿದ ದೋಷ, ಋತುಮಾನದ ಬದಲಾವಣೆ, ಅಜಾಗರೂಕತೆಯ ನಡವಳಿಕೆ, ಬೇರೆಯವರ ಹಲ್ಲೆ, ಕೊನೆಗೆ ಕರ್ಮಫಲ. ಎಂಟರಲ್ಲಿ ಒಂದು ಕರ್ಮ. ಎಲ್ಲವನ್ನೂ ಆ ಒಂದಕ್ಕೇ ಹಚ್ಚುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ಉತ್ತರದ ಸಾರ. ಕುಂಭಕೋಣವನ್ನೂ ಗಂಡಾಮನ್ನನ್ನೂ ಈ ಪಟ್ಟಿಯ ಮುಂದಿಟ್ಟರೆ ಅವು ಬೀಳುವುದು ಅಜಾಗರೂಕತೆಯ ಮನೆಯಲ್ಲಿ. ಅವನ್ನು ಎತ್ತಿ ಕರ್ಮದ ಮನೆಯಲ್ಲಿಡುವುದು ಧರ್ಮಶ್ರದ್ಧೆಯಲ್ಲ, ತಪ್ಪು ವಿಚಾರಣೆ. ವೈದಿಕ ಪರಂಪರೆ ಬೇರೆ ದಾರಿಯಲ್ಲಿ ಹತ್ತಿರದ ಜಾಗಕ್ಕೇ ಬರುತ್ತದೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ದೈವ ಮತ್ತು ಪುರುಷ ಪ್ರಯತ್ನದ ವಾದ ಬಂದಾಗ ಹೊಲ ಮತ್ತು ಬೀಜದ ಮಾತು ಬರುತ್ತದೆ. ಒಂದಿಲ್ಲದೆ ಇನ್ನೊಂದು ಫಲ ಕೊಡದು. ಯೋಗವಾಸಿಷ್ಠ ಇನ್ನೂ ಮುಂದೆ ಹೋಗಿ, ದೈವವೆಂದರೆ ಹಿಂದೆ ಮಾಡಿದ ಪ್ರಯತ್ನವೇ, ಇಂದಿನ ಪ್ರಯತ್ನ ಅದನ್ನು ಮಣಿಸಬಲ್ಲದು ಎನ್ನುತ್ತದೆ. ಹರಿಯೊಬ್ಬನೇ ಸ್ವತಂತ್ರ ಎಂದು ಹಾಡಿದ ದಾಸರ ನೆಲ ಇದು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದವರು, ಜಗನ್ನಾಥದಾಸರು ಮಾನ್ವಿಯವರು. ಅವರ ಹಿಂದಿರುವ ಮಧ್ವ ಸಿದ್ಧಾಂತವೂ ಜೀವನಿಗೆ ಕರ್ತೃತ್ವವಿಲ್ಲ ಎನ್ನುವುದಿಲ್ಲ. ಅದು ಪರಾಧೀನ ಕರ್ತೃತ್ವ, ಹರಿಯ ಅಧೀನದಲ್ಲಿರುವ ಕರ್ತೃತ್ವ. ಜೀವನಿಗೆ ಅಷ್ಟೂ ಇಲ್ಲದಿದ್ದರೆ ಇದನ್ನು ಮಾಡು, ಅದನ್ನು ಬಿಡು ಎಂದು ಶಾಸ್ತ್ರ ಹೇಳುವುದಕ್ಕೇ ಅರ್ಥವಿರುವುದಿಲ್ಲ. ಮೊಹರಂಗೆ ಜಾತಿಮತವಿಲ್ಲದೆ ಜನ ಸೇರುವ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕೇಳಿದರೂ, ಅಲ್ಲಾಹನ ಮೇಲೆ ಭಾರ ಹಾಕುವ ಮೊದಲು ಒಂಟೆಯನ್ನು ಕಟ್ಟಬೇಕೆಂದು ಪ್ರವಾದಿ ಹೇಳಿದ ಪ್ರಸಂಗ ತಿಳಿದವರು ಸಿಗುತ್ತಾರೆ. ಗ್ರೀಕರಲ್ಲೂ ಈ ತಕರಾರಿತ್ತು. ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯನೇಕೆ ಎಂಬ ವಾದಕ್ಕೆ ಅವರು ಸೋಮಾರಿಯ ವಾದ ಎಂದೇ ಹೆಸರಿಟ್ಟಿದ್ದರು. ವಿಧಿಯನ್ನು ಗಟ್ಟಿಯಾಗಿ ನಂಬಿದ ಕ್ರೈಸಿಪ್ಪಸ್ ಕೊಟ್ಟ ಉತ್ತರ ಸರಳ: ವಾಸಿಯಾಗುವುದು ವಿಧಿಯಾದರೆ ವೈದ್ಯನನ್ನು ಕರೆಸುವುದೂ ಅದೇ ವಿಧಿಯ ಭಾಗ. ಇಷ್ಟೊಂದು ಬೇರೆ ಬೇರೆ ದಾರಿಯವರು, ಒಬ್ಬರನ್ನೊಬ್ಬರು ಒಪ್ಪದವರು, ಈ ಒಂದು ವಿಷಯದಲ್ಲಿ ಸೇರುತ್ತಾರೆ. ಘಟನೆ ನಡೆಯುವ ಮುಂಚೆ ವಿಧಿಯ ಹೆಸರಿನಲ್ಲಿ ಕೈಕಟ್ಟಿ ಕೂರಲು ಇವರಲ್ಲಿ ಯಾರೂ ಅನುಮತಿ ಕೊಟ್ಟಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಒಂದು ಮಾತು ನಿಜವಾಗಿದ್ದರೆ ಯಾರು ಹೇಳಿದರೂ ನಿಜ, ಸುಳ್ಳಾಗಿದ್ದರೆ ಯಾರು ಹೇಳಿದರೂ ಸುಳ್ಳು. ತಾಯಿಯ ಬಾಯಲ್ಲಿ ಸರಿಯಾದ ಆಯುಷ್ಯದ ಮಾತು ಆಡಳಿತ ಮಂಡಳಿಯವರ ಬಾಯಲ್ಲಿ ಹೇಗೆ ತಪ್ಪಾಗುತ್ತದೆ? ನನ್ನ ಉತ್ತರವೆಂದರೆ, ಇಂಥ ಮಾತುಗಳು ಲೋಕದಲ್ಲಿ ಏನು ನಡೆಯಿತೆಂದು ಮಾತ್ರ ಹೇಳುವುದಿಲ್ಲ, ಆಡಿದವರು ಏನನ್ನು ಕೈಬಿಡುತ್ತಿದ್ದಾರೆ ಎಂಬುದನ್ನೂ ಹೇಳುತ್ತವೆ. ಕ್ಷಮೆಯ ಹಾಗೆಯೇ ಇದು. ಪೆಟ್ಟು ತಿಂದವನು ಕ್ಷಮಿಸಿದೆ ಎಂದರೆ ಅದಕ್ಕೆ ಅರ್ಥವಿದೆ. ಪೆಟ್ಟು ಕೊಟ್ಟವನು ಪೆಟ್ಟು ತಿಂದವನ ಪರವಾಗಿ ತನ್ನನ್ನೇ ಕ್ಷಮಿಸಿಕೊಂಡರೆ ಅದು ಕ್ಷಮೆಯೇ ಅಲ್ಲ. ತಾಯಿ ಅದನ್ನು ಆಡಿದಾಗ ಅವಳು ಬಿಟ್ಟುಕೊಡುತ್ತಿರುವುದು ತನ್ನದನ್ನು: ತನ್ನ ಸಿಟ್ಟನ್ನು, ಹೀಗಾಗಬಾರದಿತ್ತು ಎಂಬ ಹಟವನ್ನು. ಹೊಣೆಗಾರರು ಅದನ್ನು ಆಡಿದಾಗ ಬಿಟ್ಟುಕೊಡುವುದು ಬೇರೆಯವರದನ್ನು, ಅಂದರೆ ಅವರಿಗೆ ಸಲ್ಲಬೇಕಾದ ಉತ್ತರವನ್ನು. ಕರ್ಮದ ವಿಚಾರ ಮೂಲತಃ ತನ್ನ ನಡತೆಯನ್ನು ತಾನು ತಿದ್ದಿಕೊಳ್ಳಲೆಂದು, ತನ್ನ ನೋವನ್ನು ತಾನು ಹೊರಲೆಂದು ಇರುವ ವಿಚಾರ. ಅದನ್ನು ಇನ್ನೊಬ್ಬರ ಮಗುವಿನ ಸಾವಿಗೆ ವಿವರಣೆಯಾಗಿ ಬಳಸುವುದು ಹೊರಗಿನಿಂದ ನೋಡಿದರಷ್ಟೇ ಅಲ್ಲ, ಆ ವಿಚಾರದ ಒಳಗಿನಿಂದ ನೋಡಿದರೂ ಸಲ್ಲದ್ದು. ಆಡುವ ಕಾಲವೂ ಇಲ್ಲಿ ಮುಖ್ಯ. ಆಗಿಹೋದದ್ದನ್ನು ನುಂಗಿಕೊಳ್ಳಲು ವಿಧಿ ನೆರವಾಗಬಹುದು. ನಾಳೆ ಶಾಲೆಯ ಗಂಟೆ ಬಾರಿಸುವ ಮೊದಲು ಮೆಟ್ಟಿಲ ಬಾಗಿಲ ಬೀಗ ತೆಗೆಯಬೇಕೇ ಬೇಡವೇ ಎಂಬುದಕ್ಕೆ ವಿಧಿ ಯಾವ ಉತ್ತರವನ್ನೂ ಕೊಡುವುದಿಲ್ಲ.

ಜಪಾನಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆಯೇ ಬಂತು. 2011ರ ಮಾರ್ಚ್ 11ರ ಭೂಕಂಪದ ನಂತರ ಸುನಾಮಿ ಬಂದಾಗ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯ 108 ಮಕ್ಕಳಲ್ಲಿ 74 ಮಂದಿಯೂ 10 ಶಿಕ್ಷಕರೂ ಹೋದರು. ಭೂಮಿ ನಡುಗಿದ ಮೇಲೆ ಅಲೆ ಬರುವವರೆಗೆ ಸುಮಾರು 50 ನಿಮಿಷಗಳಿದ್ದವು. ಹಿಂದೆಯೇ ಗುಡ್ಡವಿತ್ತು. ಮಕ್ಕಳು ಅಂಗಳದಲ್ಲೇ ನಿಂತಿದ್ದರು, ಏಕೆಂದರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ತೀರ್ಮಾನವಾಗಿರಲಿಲ್ಲ. ನಗರಾಡಳಿತದ ನಕ್ಷೆಯಲ್ಲಿ ಶಾಲೆ ಮುಳುಗುವ ವಲಯದಲ್ಲಿರಲಿಲ್ಲ, ಯಾರೂ ಊಹಿಸಲಾಗದ್ದು ನಡೆಯಿತು ಎಂಬ ಸಮಜಾಯಿಷಿಯನ್ನು ಸೆಂಡೈ ಹೈಕೋರ್ಟು 2018ರಲ್ಲಿ ಒಪ್ಪಲಿಲ್ಲ. ತಪ್ಪು ಆ 50 ನಿಮಿಷಗಳಲ್ಲಿ ಮಾತ್ರ ಇಲ್ಲ, ಅದಕ್ಕೂ ಮುಂಚಿನ ಸಿದ್ಧತೆಯಲ್ಲಿದೆ ಎಂದಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅದೇ ತೀರ್ಪು ಉಳಿಯಿತು. ಅದೇ ಸುನಾಮಿಯಲ್ಲಿ ಕಮಾಯಿಶಿ ಎಂಬ ಊರಿನ ಶಾಲೆಗಳ ಸುಮಾರು 3000 ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಉಳಿದರು. ಕಟಾಡಾ ತೊಶಿಟಾಕಾ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಅಲ್ಲಿನ ಮಕ್ಕಳಿಗೆ ಕಲಿಸಿದ್ದರು: ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಯಾರಿಗೂ ಕಾಯದೆ ಮೊದಲು ಓಡಿ, ನಿಮ್ಮ ಕೈಲಾದಷ್ಟನ್ನೂ ಮಾಡಿ. ದೊಡ್ಡ ತರಗತಿಯವರು ಓಡುವುದನ್ನು ಕಂಡು ಚಿಕ್ಕವರು ಓಡಿದರು. ಹಾಗಾದರೆ ಒಂದೂರಿನ ಮಕ್ಕಳ ಹಣೆಬರಹ ಒಳ್ಳೆಯದಿತ್ತು, ಇನ್ನೊಂದೂರಿನದು ಕೆಟ್ಟದ್ದಿತ್ತು ಎನ್ನಬೇಕೇ? ಹಾಗೆನ್ನುವವರು ಒಂದು ಊರಿನಲ್ಲಿ ಪಾಠವಾಗಿತ್ತು, ಇನ್ನೊಂದರಲ್ಲಿ ಆಗಿರಲಿಲ್ಲ ಎಂಬ ವ್ಯತ್ಯಾಸವನ್ನೂ ಆ ಬರಹದೊಳಗೇ ಸೇರಿಸಬೇಕಾಗುತ್ತದೆ. ಸೇರಿಸಿದ ಮೇಲೆ ಪಾಠ ಮಾಡುವ ಹೊಣೆ ಮತ್ತೆ ನಮ್ಮ ಮೇಲೆಯೇ ಬರುತ್ತದೆ. ಮಕ್ಕಳಿಗೆ ಅಪಾಯದ ಪಾಠ ಮಾಡಿದರೆ ಅವರ ಮನಸ್ಸಿನಲ್ಲಿ ಹೆದರಿಕೆ ತುಂಬುತ್ತದೆ, ಅಶುಭವನ್ನು ಆಡಬಾರದು ಎನ್ನುವ ಹಿರಿಯರಿಗೂ ಕಮಾಯಿಶಿಯೇ ಉತ್ತರ. ಏನು ಮಾಡಬೇಕೆಂದು ಗೊತ್ತಿದ್ದ ಮಗು ಆ ದಿನ ಓಡಿತು. ಗೊತ್ತಿಲ್ಲದೆ ಅಂಗಳದಲ್ಲಿ ನಿಂತ ಮಗುವಿನ ಭಯವೇ ದೊಡ್ಡದು.

ಇನ್ನೊಂದು ಆಕ್ಷೇಪ ಒಳಗಿನಿಂದ ಬರುವಂಥದ್ದು, ನನಗೆ ಇದೇ ಕಷ್ಟದ್ದೆನಿಸುತ್ತದೆ. ಕಾಯುವ ಕೆಲಸದ ಫಲ ಕಣ್ಣಿಗೆ ಬೀಳುವುದಿಲ್ಲ. ಬೆಂಕಿ ನಂದಿಸಿದವನನ್ನು ಊರು ನೋಡುತ್ತದೆ. ಬೆಂಕಿಯೇ ಹತ್ತದಂತೆ ಒಲೆಯನ್ನು ಸೂರಿನಿಂದ ದೂರ ಸರಿಸಿದವನು ಏನು ಮಾಡಿದನೆಂದು ಯಾರಿಗೂ, ಕೆಲವೊಮ್ಮೆ ಅವನಿಗೂ, ಗೊತ್ತಾಗುವುದಿಲ್ಲ. ಹಾಗಿರುವಾಗ ಇದನ್ನು ವೃತ್ತಿಯಾಗಿ ಆರಿಸಿಕೊಂಡವರು ಯಾವ ತೃಪ್ತಿಯಿಂದ ಮೂವತ್ತು ವರ್ಷ ದುಡಿಯಬೇಕು? 2019ರ ಆಗಸ್ಟಿನ ಕೃಷ್ಣಾ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ಮುಂದೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಿದ. ಅವನಿಗೆ ಶೌರ್ಯ ಪ್ರಶಸ್ತಿಯೂ ಬಂತು. ಆ ಹುಡುಗನ ಧೈರ್ಯಕ್ಕೆ ಕೈಮುಗಿಯಬೇಕು, ಎರಡನೇ ಮಾತಿಲ್ಲ. ಆದರೆ ಒಂದು ಸಮಾಜ ತನ್ನ ಮಕ್ಕಳ ಧೈರ್ಯವನ್ನು ಮೆಚ್ಚಿದಷ್ಟೇ, ಆ ಸೇತುವೆಯ ಎರಡೂ ಬದಿಗೆ ಹಗ್ಗ ಕಟ್ಟಿ ಹೊಳೆ ಇಳಿಯುವ ತನಕ ವಾಹನಗಳನ್ನು ತಡೆದು ನಿಲ್ಲಿಸುವವರನ್ನೂ ಮೆಚ್ಚಲು ಕಲಿಯಬೇಕಿತ್ತು. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ದಾರಿ ಕಡಿಯುತ್ತದೆ. ಅಲ್ಲಿ ಪ್ರತಿ ಮಳೆಗಾಲವೂ ಬೇಕಾಗಿರುವುದು ಸಾಹಸಿಗಳಲ್ಲ, ಮುಂದಾಲೋಚನೆ ಇರುವವರು.

ಕಾಣದ ಫಲಕ್ಕಾಗಿ ದುಡಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಶರಣರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡವರು. ಚೆಲ್ಲಿದ ಕಾಳನ್ನು ಯಾರೂ ನೋಡುವುದಿಲ್ಲ, ಆಯುವವನನ್ನು ಇನ್ನೂ ನೋಡುವುದಿಲ್ಲ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು ಬಂದದ್ದು ಅಂಥ ಕೆಲಸ ಮಾಡಿದ ಮಾರಯ್ಯನಿಂದ ಎನ್ನುವುದನ್ನು ಗಮನಿಸಬೇಕು. ಕಾಯಕದಲ್ಲಿ ತೊಡಗಿದ್ದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎನ್ನುವಷ್ಟು ದೂರ ಅವನು ಹೋದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಈ ದಂಪತಿಯಿಂದ ಸುರಕ್ಷತೆಯ ವೃತ್ತಿಗೆ ಬೇಕಾದ ಮನೋಧರ್ಮವಿಡೀ ಸಿಗುತ್ತದೆ. ಚಿಕ್ಕದನ್ನು ಚಿಕ್ಕದೆಂದು ಬಿಡದಿರುವುದು, ಇವತ್ತಿನದನ್ನು ಇವತ್ತೇ ಮಾಡುವುದು, ಮಾಡಿದ್ದಕ್ಕೆ ಹೆಸರು ಕೇಳದಿರುವುದು. ನಮ್ಮ ರಾಜ್ಯ 2002ರಲ್ಲಿ ಈ ಭಾಗದ ಜಿಲ್ಲೆಗಳಿಂದಲೇ ಆರಂಭಿಸಿದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹ ಎಂದು ಶರಣರ ಮಾತನ್ನೇ ಇಟ್ಟುಕೊಂಡಿದೆ. ಉಣಿಸುವುದು ದಾಸೋಹವಾದರೆ ಉಂಡ ಮಗು ಕ್ಷೇಮವಾಗಿ ಮನೆ ಸೇರುವಂತೆ ನೋಡುವುದೂ ಅದರೊಳಗೇ ಇರಬೇಕು.

ಕಾಯಕಕ್ಕೆ ಸಂಬಳ ಏಕೆ, ಪ್ರತ್ಯೇಕ ಹುದ್ದೆ ಏಕೆ, ಮಕ್ಕಳನ್ನು ಕಾಯುವುದು ಎಲ್ಲರ ಧರ್ಮವಲ್ಲವೇ ಎಂದು ಕೇಳುವವರಿದ್ದಾರೆ. ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತಪಡಿಸಿದ್ದು ಎಲ್ಲರಿಗೂ ಗೊತ್ತು. ಅದರಲ್ಲಿ ಇನ್ನೂ ಒಂದು ಸಂಗತಿಯಿದೆ. ಈ ದಾರಿಯಲ್ಲಿ ಮೇಲೇರುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಪ್ರಯತ್ನಪಟ್ಟರೆ ಸಣ್ಣವನೂ ಸಾಧಿಸಬಲ್ಲ ಎಂದು ಅದು ಹೇಳುತ್ತದೆ. ಗಂಡಾಮನ್ನಿನ ಅಡುಗೆಯಾಕೆಯನ್ನೂ ಪಿಪ್ಲೋದಿಯ ಮಕ್ಕಳನ್ನೂ ನೆನೆದು ಇದನ್ನು ಓದಿದರೆ ಬೇರೆಯದೇ ಅರ್ಥ ಹೊಳೆಯುತ್ತದೆ. ಅಪಾಯ ಮೊದಲು ಕಂಡದ್ದು ಆ ಜಾಗದ ಅತಿ ಸಣ್ಣವರಿಗೆ, ಕೇಳಿಸಿಕೊಳ್ಳುವುದನ್ನೇ ಕೆಲಸವಾಗಿಟ್ಟುಕೊಂಡವರು ಅಲ್ಲಿ ಇರಲಿಲ್ಲ. ಅಶೋಕನ ದೊಡ್ಡ ಶಾಸನಗಳು ಕರ್ನೂಲು ಕಡೆಯ ಎರ್ರಗುಡಿಯಲ್ಲಿವೆ. ಅವುಗಳಲ್ಲಿ ಆರನೆಯದು ಈ ಕೊರತೆಯನ್ನೇ ತುಂಬುವ ಆಜ್ಞೆ. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯವನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ ತನಗೆ ತಲುಪಿಸಬೇಕು ಎಂದು ಅವನು ವಿಧಿಸಿದ. ಜೀವಿಗಳಿಗೆ ತಾನು ಸಲ್ಲಿಸಬೇಕಾದ ಋಣವೆಂದು ಅದನ್ನು ಕರೆದುಕೊಂಡ. ಪ್ರಜೆಗಳ ಹಿತ ಎಲ್ಲರ ಧರ್ಮ ಎಂದು ಹೇಳಿ ಅವನು ಸುಮ್ಮನಾಗಲಿಲ್ಲ. ಅದಕ್ಕೆ ಜನರನ್ನು ನೇಮಿಸಿದ. ಎಲ್ಲರ ಧರ್ಮ ಬಾಳುವುದು ಕೆಲವರ ಉದ್ಯೋಗವಾದಾಗಲೇ. ಇದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಗೆ ಇದು ಹೊಸ ವಿಚಾರವಲ್ಲ. 1952ರ ಗಣಿ ಕಾಯ್ದೆ ಮತ್ತು ಅದರಡಿಯ ನಿಯಮಗಳು ಒಳಗಿಳಿಯುವವರಿಗೆ ಮೊದಲೇ ತರಬೇತಿ, ಸುರಕ್ಷಾ ಅಧಿಕಾರಿ, ರಕ್ಷಣಾ ವ್ಯವಸ್ಥೆ ಎಲ್ಲವನ್ನೂ ಬಯಸಿದವು. ಚಿನ್ನ ತೆಗೆಯುವ ದೊಡ್ಡವರಿಗೆ ಸಿಕ್ಕ ಆ ಕಾಳಜಿ ಅಕ್ಷರ ಕಲಿಯುವ ಚಿಕ್ಕವರಿಗೆ ಸಿಗದಿರುವುದಕ್ಕೆ ಯಾವ ನ್ಯಾಯವೂ ಇಲ್ಲ.

ಕಾನೂನು ಹೇಳುವುದೂ ಕಡಿಮೆಯಿಲ್ಲ. ಕುಂಭಕೋಣದ ನಂತರ ಸಲ್ಲಿಕೆಯಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿಯನ್ನೂ ತಂದಿತು. ಅದರಂತೆ ಪ್ರತಿ ಶಾಲೆಯಲ್ಲಿ ಒಂದು ಯೋಜನೆ ಇರಬೇಕು, ಒಬ್ಬ ಶಿಕ್ಷಕರು ಅದರ ಹೊಣೆ ಹೊರಬೇಕು. ಇಲ್ಲೇ ತೊಡಕಿರುವುದು. ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ಗಣತಿ, ಚುನಾವಣೆ ಇವುಗಳ ನಡುವೆ ಹೈರಾಣಾದ ಮಾಸ್ತರರ ಹೆಗಲಿಗೆ ಇನ್ನೊಂದು ಕಡತ ಬೀಳುತ್ತದೆ, ಕಡತದಲ್ಲಿ ಯೋಜನೆ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಬೋಧನೆಯ ಆಚೆಗೆ ಬಳಸಬಹುದಾದ ಮೂರು ಕೆಲಸಗಳನ್ನು ಹೆಸರಿಸುತ್ತದೆ: ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ. ನೆರೆ ಬಂದ ಮೇಲೆ ಶಾಲೆಯೇ ಕಾಳಜಿ ಕೇಂದ್ರವಾಗುತ್ತದೆ, ಶಿಕ್ಷಕರೇ ಅಲ್ಲಿ ನಿಲ್ಲುತ್ತಾರೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿದಾಗ ಈ ಭಾಗದ ಶಾಲೆಗಳು ಎಷ್ಟು ಜನಕ್ಕೆ ಆಸರೆಯಾದವೆಂಬುದು ಊರೂರಿಗೂ ನೆನಪಿದೆ. ವಿಪತ್ತು ಬಂದಾಗ ಶಿಕ್ಷಕರನ್ನು ಕರೆಯುವ ವ್ಯವಸ್ಥೆ, ಬರುವ ಮುಂಚೆ ಅವರ ಬೆನ್ನಿಗೆ ನಿಲ್ಲುವ, ವಿಷಯ ತಿಳಿದ ಒಬ್ಬರನ್ನು ಕೊಟ್ಟಿಲ್ಲ.

ಈ ವೃತ್ತಿಗೆ ತನ್ನದೇ ಪ್ರಲೋಭನೆಯೂ ಉಂಟು, ಅದನ್ನು ಮುಚ್ಚಿಡಲಾರೆ. ಕಾಯುವವನಿಗೆ ಎಲ್ಲವೂ ಅಪಾಯವಾಗಿ ಕಾಣತೊಡಗಿದರೆ ಎತ್ತರದ ಗೋಡೆ, ಎಲ್ಲೆಲ್ಲೂ ಕ್ಯಾಮೆರಾ, ಆಟಕ್ಕೆ ನಿಷೇಧ, ಹೊರಗಿನವರೆಲ್ಲರ ಮೇಲೆ ಅನುಮಾನ. ಅಮೆರಿಕದ ಬಹಳಷ್ಟು ಶಾಲೆಗಳಲ್ಲಿ ಇವತ್ತು ಬಂದೂಕು ಹಿಡಿದ ಪೊಲೀಸರಿದ್ದಾರೆ. ಅಲ್ಲಿನ ಸ್ಥಿತಿ ಹಾಗಿರಬಹುದು, ನಮ್ಮದು ಅದಲ್ಲ. ನಮ್ಮ ಮಕ್ಕಳು ಸಾಯುತ್ತಿರುವುದು ಕಾಲುವೆಯಲ್ಲಿ, ರಸ್ತೆಯಲ್ಲಿ, ಶಿಥಿಲ ಗೋಡೆಯಡಿ, ವಿದ್ಯುತ್ ತಂತಿಗೆ ಸಿಕ್ಕಿ. ಇವುಗಳಿಗೆ ಬೇಕಾಗಿರುವುದು ಬಂದೂಕಲ್ಲ, ದಿನಾ ನೋಡುವ ಕಣ್ಣು. ಸಾವನ್ನೆಲ್ಲ ತಡೆದುಬಿಡುತ್ತೇನೆಂಬ ಹಮ್ಮು ಈ ಕೆಲಸಕ್ಕೆ ಸಲ್ಲದು. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನ ಅಂಜಾರಿನ ಇಕ್ಕಟ್ಟಿನ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಮಕ್ಕಳ ಮೇಲೆ ಭೂಕಂಪ ಎರಡೂ ಕಡೆಯ ಕಟ್ಟಡಗಳನ್ನು ಕೆಡವಿತು. ಭೂಮಿ ಯಾವ ಗಳಿಗೆಯಲ್ಲಿ ನಡುಗುತ್ತದೆಂದು ತಿಳಿಯುವ ಶಕ್ತಿ ಯಾರಿಗೂ ಇಲ್ಲ. ಎಲ್ಲ ಮಾಡಿದ ಮೇಲೂ ಒಂದು ಮಗು ಹೋಗಬಹುದು. ಆಗ ಈ ಹುದ್ದೆಯಲ್ಲಿರುವವರಿಗೆ ಒಪ್ಪುವ ನಡೆ ಒಂದೇ: ಏನು ಮಾಡಿದ್ದೆವು, ಏನು ಬಿಟ್ಟಿದ್ದೆವು ಎಂಬುದನ್ನು ಆ ಮನೆಯವರ ಮುಂದೆ ಮುಚ್ಚುಮರೆಯಿಲ್ಲದೆ ಇಡುವುದು, ವಿಧಿಯ ಮಾತನ್ನು ಅವರಾಗಿಯೇ ಆಡುವವರೆಗೆ ತಾವು ಆಡದಿರುವುದು.

ಈ ಕೆಲಸ ಎಲ್ಲಿಂದ ಶುರುವಾಗಬೇಕು ಎಂದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳಲ್ಲೇ ಶುರುವಾಗಬಹುದು. ತಾಲ್ಲೂಕಿಗೊಬ್ಬ ಶಾಲಾ ಸುರಕ್ಷತಾ ಅಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಮೇಜು, ಓಡಾಡಲು ವಾಹನ, ಅಪಾಯಕಾರಿ ಕೊಠಡಿಗೆ ಅಂದೇ ಬೀಗ ಹಾಕಿಸುವ ಅಧಿಕಾರ. ಅಗ್ನಿಶಾಮಕ ದಳದಲ್ಲೋ ಗೃಹರಕ್ಷಕ ದಳದಲ್ಲೋ ಗಣಿಯ ಸುರಕ್ಷಾ ವಿಭಾಗದಲ್ಲೋ ದುಡಿದವರು, ವಿಪತ್ತು ನಿರ್ವಹಣೆ ಓದಿದ ಯುವಕ ಯುವತಿಯರು ಈ ಹುದ್ದೆಗೆ ಬರಬಹುದು. ಶಾಲೆ ತೆರೆಯುವ ಮೊದಲೇ ಕೊಠಡಿಗಳ ಚಾವಣಿ ನೋಡುವುದು, ಕಾಲುವೆ ದಂಡೆಯ ಶಾಲೆಗಳಿಗೆ ಬೇಲಿ ಹಾಕಿಸುವುದು, ಬಸ್ಸು, ಆಟೊ, ಟಂಟಂಗಳಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆಂದು ಬೆಳಿಗ್ಗೆ ರಸ್ತೆಯಲ್ಲೇ ನಿಂತು ಎಣಿಸುವುದು, ವಾರ್ಷಿಕೋತ್ಸವದ ಪೆಂಡಾಲಿಗೆ ಎರಡು ಬಾಗಿಲಿಲ್ಲದಿದ್ದರೆ ಪರವಾನಗಿ ಕೊಡಬೇಡಿ ಎಂದು ಬರೆಯುವುದು, ಅಡುಗೆಯವರನ್ನು ತಿಂಗಳಿಗೊಮ್ಮೆ ಕೂಡಿಸಿ ಅವರು ಹೇಳುವುದನ್ನು ಕೇಳುವುದು, ಮಕ್ಕಳಿಗೆ ಅಣಕು ಕಾರ್ಯಾಚರಣೆ ಮಾಡಿಸುವುದು. ಹೊಳೆಗೆ ನೀರು ಬಿಡುವ ಸೂಚನೆ ಅಣೆಕಟ್ಟೆಯಿಂದ ತಹಶೀಲ್ದಾರರಿಗೆ ತಲುಪಿದ ಗಳಿಗೆಯಲ್ಲೇ ದಢೇಸುಗೂರಿನಂಥ ಹೊಳೆಸಾಲಿನ ಊರುಗಳ ಮುಖ್ಯೋಪಾಧ್ಯಾಯರ ಫೋನಿಗೂ ತಲುಪುವಂತೆ ಮಾಡುವುದು ಈ ಅಧಿಕಾರಿಯ ಮೊದಲ ತಿಂಗಳ ಕೆಲಸವಾಗಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಪೋಷಕರು ಈ ಹುದ್ದೆಯನ್ನು ಕೇಳಿ ಠರಾವು ಮಾಡಲು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗಿಲ್ಲ.